ಅತ್ತೆಯ ಫೋನಿನಲ್ಲಿ ಎರಡು ಬೀಗ

ನಮ್ಮ ಮನೆಯಲ್ಲಿ ಫೋನನ್ನು ಗುಡಿಸುವ ಪದ್ಧತಿ ಶುರು ಮಾಡಿದವಳು ನಾನೇ. ಈಗ ಒಪ್ಪಿಕೊಳ್ಳಲು ಸಂಕೋಚವಿಲ್ಲ. ಆಗ ಮಾತ್ರ ಭಾರಿ ಜಂಬದಿಂದ ಕಲಿಸಿದ್ದೆ.

ನಾನು ಸಕಲೇಶಪುರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಪಹಣಿ ತೆಗೆದುಕೊಡುವುದು, ಜಾತಿ ಸರ್ಟಿಫಿಕೇಟಿಗೆ ಅರ್ಜಿ ಹಾಕುವುದು, ಮಕ್ಕಳ ಸ್ಕಾಲರ್‌ಶಿಪ್ ತುಂಬುವುದು, ಇಷ್ಟೇ. ಯಸಳೂರು ಕಡೆಯ ನಮ್ಮೂರಿನಿಂದ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತೇನೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳಾದ್ದರಿಂದ ಊರಿನವರ ಲೆಕ್ಕದಲ್ಲಿ ಫೋನಿನ ಹೊಟ್ಟೆಯೊಳಗಿನದ್ದೂ ನನಗೆ ಗೊತ್ತಿರಲೇಬೇಕು. ನನಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. ಯಾರು ಏನು ಕೇಳಿದರೂ ಕೈಯಿಂದ ಫೋನ್ ಕಿತ್ತುಕೊಂಡು ಅಲ್ಲಿ ಇಲ್ಲಿ ಒತ್ತಿ, ಏನೋ ಒಂದು ಹೇಳಿ ಕಳಿಸುತ್ತಿದ್ದೆ.

ಮನೆಯಲ್ಲಿ ನಾವು ಮೂರೇ ಜನ. ನನ್ನ ಗಂಡ ಹತ್ತಿರದ ದೊಡ್ಡ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಹಿಡಿಯಬೇಕಾದ್ದರಿಂದ ಬೆಳಕು ಹರಿಯುವಷ್ಟರಲ್ಲಿ ಬೈಕು ಹತ್ತಿರುತ್ತಾರೆ. ನಮ್ಮದೇ ಮೂರು ಎಕರೆ ಕಾಫಿಯನ್ನು ನೋಡಿಕೊಳ್ಳುವವರು ನನ್ನ ಅತ್ತೆ. ಅರವತ್ತು ದಾಟಿದೆ. ಬೆಳಿಗ್ಗೆ ತಿಂಡಿ ಮುಗಿದರೆ ಕತ್ತಿ, ಎಲೆಯಡಿಕೆ ಚೀಲ, ಆ ಚೀಲದೊಳಗೆ ಫೋನು. ಇಷ್ಟು ಹಿಡಿದು ತೋಟಕ್ಕೆ ಇಳಿದರೆ ಮಧ್ಯಾಹ್ನದ ಊಟಕ್ಕೇ ಮೇಲೆ ಬರುವುದು.

ಅತ್ತೆಯ ಫೋನು ಮೊದಲು ನನ್ನ ಗಂಡನದಾಗಿತ್ತು. ಹಳೆಯದು, ಸಣ್ಣ ತಾಕತ್ತಿನದು. ಅದರಲ್ಲಿ ಅವರಿಗೆ ಬೇಕಾದದ್ದು ಎಷ್ಟೊಂದು! ಕಾಫಿ ರೇಟು ನೋಡಬೇಕು, ಮೆಣಸಿನ ಬಳ್ಳಿಗೆ ರೋಗ ಬಂದರೆ ಫೋಟೊ ತೆಗೆದು ತಮ್ಮನಿಗೆ ಕಳಿಸಬೇಕು, ಭಜನೆ ಕೇಳಬೇಕು, ತಂಗಿಯ ಮೊಮ್ಮಗನ ಮುಖ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಆನೆಯದ್ದು. ನಮ್ಮ ಕಡೆ ಆನೆಗಳು ಯಾವ ತೋಟದಲ್ಲಿವೆ, ಯಾವ ಕೆರೆ ದಾಟಿದವು ಎಂದು ಅರಣ್ಯ ಇಲಾಖೆಯ ಕಾವಲಿನವರು ಬೆನ್ನು ಹತ್ತಿ ನೋಡಿ ತಿಳಿಸುತ್ತಾರೆ. ಅದಕ್ಕೊಂದು ಆ್ಯಪ್ ಇದೆ. ನಮ್ಮ ಊರಿನ ಹತ್ತಿರ ಬಂದರೆ ಫೋನು ಆಂಬುಲೆನ್ಸಿನ ಹಾಗೆ ಕೂಗಿಕೊಳ್ಳುತ್ತದೆ. ಅದು ಕೂಗಿದ ದಿನ ಯಾರೂ ತೋಟಕ್ಕೆ ಇಳಿಯುವುದಿಲ್ಲ. ಕೂಗದಿದ್ದರೆ ಇಳಿಯುತ್ತಾರೆ. ಬೆಳಿಗ್ಗೆ ಎದ್ದು ಮುಖ ತೊಳೆಯುವಷ್ಟೇ ಸಹಜವಾಗಿ ಎಲ್ಲರೂ ಅದನ್ನು ನಂಬಿಕೊಂಡಿದ್ದಾರೆ.

ಒಂದು ಭಾನುವಾರ ಅತ್ತೆ ಫೋನು ತಂದು ನನ್ನ ಮುಂದೆ ಇಟ್ಟರು.

"ಹ್ಯಾಂಗ್ ಆಗ್ಬುಟ್ಟೈತೆ ಕಣವ್ವ. ಎಷ್ಟು ತಿವುದ್ರೂ ಅಲ್ಲಾಡಲ್ಲ."

ನಾನು ಕೆಳಗಿನ ಮೂರು ಗೆರೆಯ ಗುಂಡಿ ಒತ್ತಿದೆ. ತೆರೆದಿದ್ದ ಆ್ಯಪ್‌ಗಳೆಲ್ಲ ಒಂದರ ಹಿಂದೊಂದು ಸಾಲಾಗಿ ಕಾಣಿಸಿಕೊಂಡವು. ಹದಿನೈದಕ್ಕೆ ಕಡಿಮೆಯಿರಲಿಲ್ಲ.

"ನೋಡಿ ಅತ್ತೆ, ಇವನ್ನೆಲ್ಲ ತೆಗೆದು ಹಾಗೇ ಬಿಟ್ಟಿದ್ದೀರಿ. ಹಿಂದೆ ಓಡ್ತಾನೇ ಇರ್ತಾವೆ. ಚಾರ್ಜ್ ತಿಂತಾವೆ, ಜಾಗ ತಿಂತಾವೆ. ಕೆಲಸ ಆಯ್ತಾ, ತಕ್ಷಣ ಹೀಗೆ ಮೇಲಕ್ಕೆ ತಳ್ಳಿಬಿಡಬೇಕು."

ಒಂದೊಂದನ್ನೇ ಬೆರಳಲ್ಲಿ ತಳ್ಳಿ ತೋರಿಸಿದೆ. ಅವು ಪಟಪಟನೆ ಹಾರಿಹೋದವು. ಅತ್ತೆಯ ಕಣ್ಣು ಅರಳಿತು.

"ಗುಡ್ಸಿ ಹಾಕೋದು ಅನ್ನು."

"ಹ್ಞೂಂ, ಗುಡಿಸಿ ಹಾಕೋದು."

ಬೇರೆ ಯಾರಿಗಾದರೂ ಹೇಳಿದ್ದರೆ ಎರಡು ದಿನ ಮಾಡಿ ಮರೆತುಬಿಡುತ್ತಿದ್ದರು. ನನ್ನ ಅತ್ತೆಗೆ ಹೇಳಿದ್ದೇ ತಪ್ಪಾಯಿತು. ಸುಮ್ಮನೆ ಉರಿಯುವ, ಸುಮ್ಮನೆ ಹರಿಯುವ ಏನನ್ನೂ ಅವರು ಕಂಡು ಸಹಿಸುವವರಲ್ಲ. ನಲ್ಲಿ ತೊಟ್ಟಿಕ್ಕಿದರೆ ಎದ್ದು ಹೋಗಿ ಬಿಗಿ ಮಾಡುತ್ತಾರೆ. ಅಡುಗೆಮನೆಯಿಂದ ಹೊರಗೆ ಕಾಲಿಡುವಾಗ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ. ಒಳಗೆ ನಾನು ಒಗ್ಗರಣೆ ಹಾಕುತ್ತಾ ನಿಂತಿರುತ್ತೇನೆ. "ನಾನಿದ್ದೀನಿ ಅತ್ತೆ" ಎಂದು ಕತ್ತಲಲ್ಲೇ ಕೂಗಬೇಕು. "ಅಯ್ಯೋ, ಮರ್ತೆ" ಎಂದು ನಗುತ್ತಾ ಮತ್ತೆ ಹಾಕುತ್ತಾರೆ. ಇಂಥವರ ಕೈಗೆ ಗುಡಿಸುವ ವಿದ್ಯೆ ಸಿಕ್ಕಿದ ಮೇಲೆ ಕೇಳಬೇಕೆ? ರೇಟು ನೋಡಿದರು, ಗುಡಿಸಿದರು. ಮೊಮ್ಮಗನನ್ನು ನೋಡಿದರು, ಗುಡಿಸಿದರು. ಕಾಫಿ ಕಣದಲ್ಲಿ ಸಂಜೆ ಒಂದು ಬೀಜ ಬಿಡದಂತೆ ಗುಡಿಸಿ ರಾಶಿ ಮಾಡುವ ಕೈ ಅದು. ಫೋನನ್ನೂ ಅಷ್ಟೇ ಚೊಕ್ಕಟವಾಗಿ ಇಟ್ಟುಕೊಂಡರು. ತಂಗಿಗೂ ಹೇಳಿಕೊಟ್ಟರು. "ನಮ್ ಸೊಸೆ ಕಲಿಸ್ಕೊಟ್ಟಿದ್ದು" ಎಂದು ಹೇಳಿಕೊಂಡು ಬಂದದ್ದು ನನ್ನ ಕಿವಿಗೂ ಬಿತ್ತು. ಖುಷಿಯಾಗದೆ ಇರಲಿಲ್ಲ.

ಅದಾದ ಮೇಲೆ ಒಂದು ಸಣ್ಣ ವ್ಯತ್ಯಾಸ ಕಂಡಿತ್ತು. ನಾನದನ್ನು ಗಮನಿಸಿದೆ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ. ಸಂಜೆ ಸಕಲೇಶಪುರದಲ್ಲಿ ಬಸ್ಸು ಹತ್ತಿದ ಕೂಡಲೇ ಅತ್ತೆಗೆ "ಬಸ್ ಹತ್ತಿದೆ" ಎಂದು ಮೆಸೇಜು ಹಾಕುವುದು ನನ್ನ ರೂಢಿ. ಬಸ್ಸಿಳಿದು ಮನೆಗೆ ಅರ್ಧ ಕಿಲೋಮೀಟರು, ಎರಡೂ ಕಡೆ ಕಾಫಿ ತೋಟ. ಆ ದಾರಿಯಲ್ಲಿ ನಾನು ಒಬ್ಬಳೇ ಬರಬಾರದು ಎಂದು ಅತ್ತೆ ಟಾರ್ಚು ಹಿಡಿದು ಸ್ಟಾಪಿಗೆ ಬರುತ್ತಾರೆ. ಮೊದಲು ಮೆಸೇಜು ನೋಡಿ ಸರಿಯಾದ ಹೊತ್ತಿಗೆ ಬರುತ್ತಿದ್ದರು. ಈಗ ಬಸ್ಸು ಲೇಟಾದ ದಿನವೂ ಒಂದು ಗಂಟೆ ಮುಂಚೆಯೇ ಬಂದು ನಿಂತಿರುತ್ತಿದ್ದರು. ಚಳಿಗೆ ಸೆರಗು ಕಿವಿಗೆ ಸುತ್ತಿಕೊಂಡು, ಮೋರಿ ಕಟ್ಟೆಯ ಮೇಲೆ.

"ಮೆಸೇಜ್ ಹಾಕಿದ್ನಲ್ಲ ಅತ್ತೆ, ನೋಡ್ಕೊಂಡು ಬರೋದಲ್ವಾ?" ಎಂದು ನಾನು ರೇಗುತ್ತಿದ್ದೆ.

"ಬಂದಿರ್ಲಿಲ್ಲ ಕಣೆ."

"ಬಂದಿರುತ್ತೆ. ನೀವು ನೋಡಿರಲ್ಲ."

"ಆಗಿರ್ಬೋದು, ನಡಿ" ಎಂದು ಅವರು ಟಾರ್ಚು ನನ್ನ ಕಾಲ ಮುಂದಕ್ಕೆ ಬಿಟ್ಟುಕೊಂಡು ನಡೆಯುತ್ತಿದ್ದರು.

ಆ ವರ್ಷದ ಕಾಫಿ ಕೊಯ್ಲು ಶುರುವಾಗಿ ಎರಡು ವಾರವಾಗಿತ್ತು. ಕೊಯ್ಲಿನ ದಿನಗಳಲ್ಲಿ ಆಳುಗಳು ಬರುವ ಮುಂಚೆ ಅತ್ತೆ ಒಬ್ಬರೇ ತೋಟಕ್ಕೆ ಇಳಿದು, ಯಾವ ಸಾಲಿನಲ್ಲಿ ಹಣ್ಣು ಚೆನ್ನಾಗಿ ಕೆಂಪಾಗಿದೆ ಎಂದು ನೋಡಿಟ್ಟುಕೊಳ್ಳುತ್ತಾರೆ. ಅವತ್ತೂ ನಾನು ಬಸ್ಸಿಗೆ ಹೊರಟಾಗ ಅವರು ಚೀಲ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬಸ್ಸು ಎರಡು ತಿರುವು ದಾಟಿರಬೇಕು, ನನ್ನ ಫೋನು ಕೂಗಿಕೊಂಡಿತು. ಬಸ್ಸಿನಲ್ಲಿ ಇನ್ನೂ ನಾಲ್ಕೈದು ಫೋನು ಒಟ್ಟಿಗೇ ಕೂಗಿದವು. ತೆಗೆದು ನೋಡಿದೆ. ನಮ್ಮೂರು, ಕೆರೆ ಮಗ್ಗುಲು, ಒಂಟಿ ಸಲಗ. ಕೆರೆ ಮಗ್ಗುಲು ಎಂದರೆ ನಮ್ಮ ತೋಟದ ಕೆಳಗಿನ ಬದಿ.

ಅತ್ತೆಗೆ ಫೋನ್ ಮಾಡಬೇಕು ಎಂದು ಒಂದು ಕ್ಷಣ ಅನ್ನಿಸಿತು. ಇಷ್ಟು ಜನರ ಫೋನು ಕೂಗಿದೆ, ಅವರದ್ದೂ ಕೂಗಿರುತ್ತದೆ, ಈ ಹೊತ್ತಿಗೆ ಮನೆಗೆ ವಾಪಸ್ ಬಂದು ಆನೆಗೆ ಶಾಪ ಹಾಕುತ್ತಾ ಕೂತಿರುತ್ತಾರೆ ಎಂದುಕೊಂಡೆ. ಫೋನನ್ನು ಬ್ಯಾಗಿಗೆ ಹಾಕಿ, ತಲೆಯನ್ನು ಕಿಟಕಿಗೆ ಆನಿಸಿ ನಿದ್ದೆ ಮಾಡಿದೆ.

ಹತ್ತು ಗಂಟೆ ಸುಮಾರಿಗೆ ಅಂಗಡಿಯಲ್ಲಿದ್ದಾಗ ಅತ್ತೆಯ ಫೋನು ಬಂತು.

"ಏನಿಲ್ಲ ಕಣವ್ವ. ಕೈ ವಸಿ ಊದ್ಕಂಡೈತೆ. ಸಂಜೆ ಬರುವಾಗ ಮುಲಾಮು ತಗಂಬಾ."

ಅವರ ದನಿ ನಡುಗುತ್ತಿತ್ತು. ಅತ್ತೆಯ ದನಿ ನಡುಗಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಆಟೊ ಮಾಡಿಕೊಂಡು ಓಡಿ ಬಂದೆ. ಜಗಲಿಯ ಮೇಲೆ ಕೂತಿದ್ದರು. ಸೀರೆಯೆಲ್ಲ ಮಣ್ಣು, ತಲೆಯಲ್ಲಿ ತರಗೆಲೆ, ಬಲಗೈ ಮಣಿಕಟ್ಟು ಊದಿ ಬಳೆ ಚರ್ಮಕ್ಕೆ ಕಚ್ಚಿಕೊಂಡಿತ್ತು. ಅದೇ ಆಟೊದಲ್ಲಿ ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಹೇಳಿದರು.

"ಆಳುಗಳು ಯಾಕೋ ಇನ್ನೂ ಬರ್ನಿಲ್ಲ ಅಂತ ಬೈಕಂಡು ಸಾಲು ನೋಡ್ತಿದ್ದೆ. ಸಿಲ್ವರ್ ಮರದ ಬುಡ ಕಾಣ್ತು. ಇಲ್ಲಿ ಯಾವ ಮರ ಇತ್ತು ಅಂತ ತಲೆ ಎತ್ತಿ ನೋಡ್ತೀನಿ, ಮರ ಕಿವಿ ಬೀಸ್ತು."

ಆಳುಗಳು ಬಾರದಿದ್ದದ್ದು ಅವರ ಫೋನುಗಳು ಕೂಗಿದ್ದರಿಂದ. ಇದು ಅತ್ತೆಗೆ ತಿಳಿದಿರಲಿಲ್ಲ. ಹಿಂದಕ್ಕೆ ಹೆಜ್ಜೆ ಇಟ್ಟವರು ತೊಟ್ಟಿಲು ಗುಂಡಿಗೆ ಬಿದ್ದಿದ್ದರು. ಮಳೆನೀರು ಇಂಗಲಿ ಎಂದು ಕಾಫಿ ಸಾಲುಗಳ ನಡುವೆ ತೆಗೆಯುವ ಗುಂಡಿ ಅದು. ಆ ವರ್ಷ ಹೊಸದಾಗಿ, ಸ್ವಲ್ಪ ಆಳವಾಗಿಯೇ ತೆಗೆಸಿದ್ದೆವು. ಬಿದ್ದಾಗ ಕೈ ಅಡಿಗೆ ಸಿಕ್ಕಿತ್ತು. ನೋವಿಗೆ ಕೂಗಿಕೊಳ್ಳದೆ, ತರಗೆಲೆಯೊಳಗೆ ಮುದುರಿಕೊಂಡು ಹಾಗೇ ಮಲಗಿದರಂತೆ.

"ಅದ್ರ ಹೊಟ್ಟೆ ಒಳಗೆ ಗುಡುಗುಡು ಅನ್ನೋದು ಕೇಳ್ತಿತ್ತು ಕಣವ್ವ. ಅಷ್ಟು ಹತ್ರ. ಹಣ್ಣಿನ ಗಿಡ ಒಂದು ಮುರೀತು. ಆಮೇಲೆ ಕೆಳಕ್ಕೆ ಹೋಗ್ಬುಡ್ತು."

"ಫೋನ್ ಕೂಗಲಿಲ್ವಾ ಅತ್ತೆ?"

"ಇಲ್ವಲ್ಲ. ಬೆಳಿಗ್ಗೆ ಹೊರಡಾಗ್ಲೇ ಎಲ್ಲಾ ಗುಡ್ಸಿದ್ದೆ. ನೀನು ಹೇಳ್ಕೊಟ್ಟಂಗೇ."

ಅವರು ಅದನ್ನು ದೂರಾಗಿ ಹೇಳಲಿಲ್ಲ. ಹೇಳಿದ ಕೆಲಸ ಸರಿಯಾಗಿ ಮಾಡಿದ್ದೇನೆ ಎನ್ನುವ ಹಾಗೆ ಹೇಳಿದರು. ನಾನು ಆಟೊದ ಹೊರಗೆ ನೋಡುತ್ತಾ ಕೂತೆ. ಆಸ್ಪತ್ರೆ ಬರುವವರೆಗೂ ಅವರ ಕಡೆ ತಿರುಗಲಾಗಲಿಲ್ಲ. ಮೂಳೆ ಬಿರುಕು ಬಿಟ್ಟಿದೆ ಎಂದು ಪ್ಲಾಸ್ಟರ್ ಹಾಕಿ, ಆರು ವಾರ ಕೈ ಅಲ್ಲಾಡಿಸಬಾರದು ಎಂದರು.

ಮರುದಿನ ಅತ್ತೆಯ ಫೋನನ್ನು ನಮ್ಮ ಅಂಗಡಿಯ ಎದುರಿಗಿರುವ ಮೊಬೈಲ್ ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋದೆ. ತಲೆ ನರೆತ ಮನುಷ್ಯ. ಕನ್ನಡಕ ಸದಾ ಹಣೆಯ ಮೇಲೆ. ನಡೆದದ್ದನ್ನು ಹೇಳಿದೆ. ನಾನೇ ಕಲಿಸಿದ್ದು ಎನ್ನುವುದನ್ನೂ ಹೇಳಿದೆ. ಅಷ್ಟು ಹೊತ್ತಿಗೆ ನನ್ನ ಜಂಬವೆಲ್ಲ ಇಳಿದುಹೋಗಿತ್ತು.

ಅವರು ಬೈಯಲಿಲ್ಲ. ತಮ್ಮ ಮೇಜು ತೋರಿಸಿದರು. ಅದರ ಮೇಲೆ ಬಿಚ್ಚಿದ ಫೋನುಗಳು ನಾಲ್ಕು ಇದ್ದವು.

"ನೋಡಿ ಅಕ್ಕ, ಈ ಮೇಜಿನ ಮೇಲೆ ನಾಲ್ಕಕ್ಕೆ ಜಾಗ. ನಾನು ಕೆಲಸ ಮಾಡೋದು ಒಂದರ ಮೇಲೆ. ಮಿಕ್ಕಿದ್ದು ಬಿಚ್ಚಿದಂಗೇ ಸುಮ್ನೆ ಕೂತಿರ್ತವೆ. ಅವಕ್ಕೇನು ಖರ್ಚಿಲ್ಲ. ಐದನೇದು ಬಂತು ಅನ್ನಿ, ಬಹಳ ಹೊತ್ತಿಂದ ಮುಟ್ಟದೆ ಇರೋದನ್ನ ಎತ್ತಿ ಡ್ರಾಯರಿಗೆ ಹಾಕ್ತೀನಿ. ಫೋನೂ ಒಳಗೆ ಹಿಂಗೇ ಮಾಡೋದು. ಎದುರಿಗಿರೋದಕ್ಕೆ ಮೊದಲ ಜಾಗ. ಹಿಂದಕ್ಕೆ ಹೋಗಿದ್ದು ಮಲಗಿರ್ತದೆ. ಜಾಗ ಸಾಲ್ದಿದ್ರೆ ಯಾವುದನ್ನ ಎತ್ತಬೇಕು ಅಂತ ಅದೇ ನೋಡ್ಕಂತದೆ. ನೀವು ಪ್ರತಿ ಸಲ ಎಲ್ಲಾ ತಳ್ಳಿ ಹಾಕಿದ್ರೆ, ನಾನು ದಿನಕ್ಕೆ ಹತ್ತು ಸಲ ಸ್ಕ್ರೂ ಹಾಕಿ ಹತ್ತು ಸಲ ಬಿಚ್ಚಿದಂಗೆ. ಚಾರ್ಜೂ ಅದಕ್ಕೇ ಜಾಸ್ತಿ ಹೋಗೋದು."

"ಆನೇದು ಯಾಕೆ ಕೂಗಲಿಲ್ಲ ಮತ್ತೆ?"

"ಎಲ್ಲಾ ಫೋನೂ ಒಂದೇ ಥರ ಇರಲ್ಲ. ಕೆಲವು ಫೋನಲ್ಲಿ ತಳ್ಳಿ ಹಾಕಿದ್ರೆ, ಇದು ಇವರಿಗೆ ಬೇಡ ಅಂತ ತಿಳ್ಕಂಡು ಕತ್ತೇ ಹಿಸುಕಿಬಿಡ್ತದೆ. ತಿರುಗಾ ನೀವಾಗೇ ತೆಗೆಯೋವರೆಗೂ ಉಸಿರಿರಲ್ಲ. ಅದು ಸುದ್ದಿ ಕೇಳೋದೆಂಗೆ, ಕೂಗೋದೆಂಗೆ?"

ಮೆಸೇಜೂ ಹಾಗೇ ಆಗುತ್ತದೆಯೇ ಎಂದು ಕೇಳಿದೆ. ಈ ಫೋನಿನಲ್ಲಿ ಆಗುತ್ತದೆ ಎಂದರು. ಮೋರಿ ಕಟ್ಟೆಯ ಮೇಲೆ ಗಂಟೆಗಟ್ಟಲೆ ಕೂತಿರುತ್ತಿದ್ದ ಅತ್ತೆ ನೆನಪಾದರು. ಅವರು ನೋಡಿರುವುದಿಲ್ಲ ಎಂದು ಎಷ್ಟು ದಿನ ರೇಗಿದ್ದೆ! ಮೆಸೇಜು ನಿಜಕ್ಕೂ ಬಂದಿರಲೇ ಇಲ್ಲ.

ಫೋನು ಹ್ಯಾಂಗ್ ಆಗುತ್ತಿದ್ದದ್ದು ಗುಡ್ ಮಾರ್ನಿಂಗ್ ಫೋಟೊಗಳು ಸಾವಿರಗಟ್ಟಲೆ ತುಂಬಿಕೊಂಡಿದ್ದಕ್ಕೆ. ಅವನ್ನು ಅಳಿಸಿ ಕೊಟ್ಟರು. ಮತ್ತೆ ಆ್ಯಪ್‌ಗಳ ಸಾಲು ತೆಗೆದು, ಆನೆಯದ್ದನ್ನು ಬೆರಳಲ್ಲಿ ಒತ್ತಿ ಹಿಡಿದರು. ಪುಟ್ಟದೊಂದು ಬೀಗದ ಗುರುತು ಮೂಡಿತು. "ಇದನ್ನ ಒತ್ತಿದ್ರೆ ಯಾರು ಏನೇ ಗುಡಿಸ್ಲಿ, ಫೋನಿಗೆ ಎಷ್ಟೇ ಜಾಗದ ಬರ ಬರ್ಲಿ, ಇದನ್ನ ಸುಲಭಕ್ಕೆ ಮುಟ್ಟಲ್ಲ. ಆದ್ರೆ ಎಲ್ಲಕ್ಕೂ ಬೀಗ ಹಾಕ್ಬೇಡಿ ಅಕ್ಕ. ಸಣ್ಣ ಫೋನು. ಒಂದೋ ಎರಡೋ, ಇಲ್ಲದಿದ್ರೆ ಆಗಲ್ಲ ಅನ್ನೋದಕ್ಕೆ ಮಾತ್ರ." ಹಾಕಿ ತೋರಿಸಿ, ತೆಗೆದು ಕೊಟ್ಟರು. ಮನೆಯಲ್ಲಿ ನಿಮ್ಮತ್ತೆ ಕೈಯಲ್ಲೇ ಹಾಕಿಸಿ ಎಂದರು.

ಸಂಜೆ ಮನೆಗೆ ಬಂದರೆ ಅತ್ತೆ ಬಚ್ಚಲ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಬಲಗೈ ಕೊರಳಿಗೆ ಕಟ್ಟಿದೆ, ಎಡಗೈಯಲ್ಲಿ ಕಡ್ಡಿ ಹಿಡಿದು ಉರಿ ಆರಿದ ಕೆಂಡಗಳನ್ನು ಒಟ್ಟುಗೂಡಿಸಿ ಮೇಲೆ ಬೂದಿ ಎಳೆಯುತ್ತಿದ್ದಾರೆ. ದಿನಾ ಮಾಡುವ ಕೆಲಸ. ಬೆಳಿಗ್ಗೆ ಬೂದಿ ಸರಿಸಿ ನಾಲ್ಕು ಪುರಲೆ ಕಡ್ಡಿ ಇಟ್ಟು ಊದಿದರೆ ಸಾಕು, ಬೆಂಕಿಕಡ್ಡಿಯೇ ಬೇಡ. ನಾನು ಬಾಗಿಲಲ್ಲೇ ನಿಂತೆ. ಬಸ್ಸಿನಲ್ಲಿ ಬರುತ್ತಾ ಅವರಿಗೆ ಹೇಗೆ ಹೇಳುವುದೆಂದು ಏನೇನೋ ಯೋಚಿಸಿಕೊಂಡು ಬಂದಿದ್ದೆ. ಅವು ಯಾವುವೂ ಬೇಕಾಗಲಿಲ್ಲ.

"ಅತ್ತೆ, ಆ ಕೆಂಡಕ್ಕೆ ನೀರು ಹಾಕಿಬಿಡಿ."

"ಯಾಕೆ ಮಾರಾಯ್ತಿ?"

"ನೀರು ಕಾದಾಯ್ತಲ್ಲ. ಸುಮ್ನೆ ಯಾಕೆ ಇರಬೇಕು?"

"ಇದೇನು ಸೌದೆ ಕೇಳ್ತೈತಾ? ತನ್ನ ಪಾಡಿಗೆ ತಾನು ಮಲಗಿರ್ತೈತೆ. ನೀರು ಹಾಕಿದ್ರೆ ಬೆಳಿಗ್ಗೆ ಮೊದಲಿಂದ ಹಚ್ಚೋರು ಯಾರು, ನೀನಾ?"

"ಫೋನೂ ಹಾಗೇ ಅಂತೆ ಅತ್ತೆ" ಎಂದೆ. ಅಲ್ಲೇ ಅವರ ಪಕ್ಕ ಕೂತು ಎಲ್ಲ ಹೇಳಿದೆ. ಹಿಂದಕ್ಕೆ ಹೋದದ್ದು ಉರಿಯುವುದಿಲ್ಲ, ಕೆಂಡವಾಗಿ ಕಾಯುತ್ತಿರುತ್ತದೆ ಎಂದು. ನಾವು ಗುಡಿಸಿದ್ದು ಕಸವಲ್ಲ, ಕೆಂಡ ಎಂದು. ನಾನು ಗೊತ್ತಿಲ್ಲದೆ ಹೇಳಿಕೊಟ್ಟೆ, ಬಸ್ಸಿನಲ್ಲಿ ನನ್ನ ಫೋನು ಕೂಗಿದಾಗ ನಿಮಗೊಂದು ಫೋನ್ ಮಾಡದೆ ನಿದ್ದೆ ಮಾಡಿದೆ ಎಂದೂ ಹೇಳಿದೆ. ಹೇಳುತ್ತಾ ಅಳು ಬಂದುಬಿಟ್ಟಿತು. ಸಾಮಾನ್ಯಕ್ಕೆ ಅಳುವವಳಲ್ಲ ನಾನು, ಜಗಳ ಆಡುವವಳು.

ಅತ್ತೆ ಬೂದಿ ತಟ್ಟಿ ಕಡ್ಡಿಯನ್ನು ಪಕ್ಕಕ್ಕಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ನಾನು ಗುಂಡೀಲಿ ಮಲಗಿದ್ದಾಗ ಅದು ಕೂಗಿದ್ರೆ?"

ನಾನು ಮೂಗು ಒರೆಸಿಕೊಂಡು ಅವರ ಮುಖ ನೋಡಿದೆ.

"ಚೀಲ ನನ್ನ ಹೊಟ್ಟೆ ಕೆಳಗೇ ಇತ್ತು. ಆನೆ ಅಷ್ಟು ಹತ್ರ. ಆಂಬುಲೆನ್ಸ್ ಥರ ಬಡ್ಕಂಡಿದ್ರೆ ನನ್ನ ಕಥೆ ಏನಾಗ್ತಿತ್ತು ಹೇಳು? ನೀನು ಫೋನ್ ಮಾಡಿದ್ರೂ ಅಷ್ಟೇಯ. ನೀನು ನಿದ್ದೆ ಮಾಡಿದ್ದೇ ಒಳ್ಳೇದಾಯ್ತು ಕಣೆ ಮಗ."

ಇದು ಸರಿಯಾದ ಲೆಕ್ಕವಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಫೋನು ಮೊದಲೇ ಕೂಗಿದ್ದರೆ ಅವರು ಆ ಗುಂಡಿಯ ಹತ್ತಿರವೇ ಹೋಗುತ್ತಿರಲಿಲ್ಲ. ಆದರೂ ಅಷ್ಟರಲ್ಲೇ ಎಲ್ಲಿಂದಲೋ ಒಂದು ಸಮಾಧಾನ ಹುಡುಕಿ ತೆಗೆದು ನನಗೆಂದು ಕೊಟ್ಟರಲ್ಲ. ಬೂದಿ ಮೆತ್ತಿದ ಎಡಗೈಯಿಂದ ನನ್ನ ಕೆನ್ನೆ ಒರೆಸಿ, ಇನ್ನಷ್ಟು ಕೊಳೆ ಮಾಡಿ, ನನ್ನ ಮುಖ ನೋಡಿ ತಾವೇ ನಕ್ಕರು.

ಆಮೇಲೆ ಬೀಗ ಹಾಕುವುದನ್ನು ಕಲಿಸಿದೆ. ಎಡಗೈ ಹೆಬ್ಬೆರಳಲ್ಲಿ ಒತ್ತಿ ಹಿಡಿಯುವುದು ಅವರಿಗೆ ಕಷ್ಟವಾಯಿತು. ನಾಲ್ಕು ಸಲ ಬೇರೇನೋ ತೆರೆದುಕೊಂಡಿತು, ಒಂದು ಸಲ ತಂಗಿಗೆ ಫೋನ್ ಹೋಗಿ "ಏನಿಲ್ಲ ಇಡು" ಎಂದು ಇಡಬೇಕಾಯಿತು. ಐದನೆಯ ಸಲ ಆನೆಯ ಮೇಲೆ ಬೀಗ ಕೂತಿತು. ಇನ್ನು ಒಂದಕ್ಕೆ ಹಾಕಬಹುದು, ಇಲ್ಲದಿದ್ದರೆ ಆಗುವುದೇ ಇಲ್ಲ ಎನ್ನುವಂಥದ್ದಕ್ಕೆ ಎಂದು ರಿಪೇರಿಯವರು ಹೇಳಿದ್ದನ್ನೂ ಹೇಳಿದೆ. "ನೋಡನ" ಎಂದು ಫೋನನ್ನು ಚೀಲಕ್ಕೆ ಹಾಕಿಕೊಂಡರು. ಕಾಫಿ ರೇಟಿಗೋ, ಮೊಮ್ಮಗನ ವೀಡಿಯೊಗೋ ಹಾಕಿಕೊಳ್ಳುತ್ತಾರೆ ಎಂದುಕೊಂಡೆ.

ಆರು ವಾರ ಸಂಜೆ ಸ್ಟಾಪಿಗೆ ನನ್ನ ಗಂಡ ಬರುತ್ತಿದ್ದರು. ಕೊಯ್ಲು ಮುಗಿಯಿತು, ಅತ್ತೆಯ ಪ್ಲಾಸ್ಟರ್ ಬಿಚ್ಚಿದರು. ಬಿಚ್ಚಿದ ದಿನವೇ ಸಂಜೆ ಬಸ್ಸಿಳಿದರೆ ಟಾರ್ಚು ಹಿಡಿದು ಅತ್ತೆ ನಿಂತಿದ್ದರು. ಅವತ್ತು ದಾರಿಯಲ್ಲಿ ಮರ ಬಿದ್ದು ಬಸ್ಸು ಒಂದು ಗಂಟೆ ಲೇಟಾಗಿತ್ತು. ಮರದ ಹತ್ತಿರ ನಿಂತಾಗ "ಮರ ಬಿದ್ದಿದೆ, ಲೇಟಾಗುತ್ತೆ" ಎಂದು ಇನ್ನೊಂದು ಮೆಸೇಜು ಹಾಕಿದ್ದೆ.

"ಎಷ್ಟೊತ್ತಾಯ್ತು ಬಂದು?" ಎಂದು ಹಳೆಯ ಅಭ್ಯಾಸದಲ್ಲಿ ರೇಗುವುದಕ್ಕೆ ಸಿದ್ಧಳಾಗಿ ಕೇಳಿದೆ.

"ಈಗ್ಲೇ ಬಂದೆ. ಮರ ಬಿದ್ದೈತಂತಲ್ಲ."

ಟಾರ್ಚು ಹಿಡಿಯುವುದಕ್ಕೆ ಫೋನನ್ನು ನನ್ನ ಕೈಗೆ ಕೊಟ್ಟರು. ನಡೆಯುತ್ತಾ ಸುಮ್ಮನೆ ಮೂರು ಗೆರೆ ಒತ್ತಿ ನೋಡಿದೆ. ಸಾಲಾಗಿ ಎಷ್ಟೋ ನಿಂತಿದ್ದವು. ಕಾಫಿ ರೇಟಿಗೆ ಬೀಗವಿರಲಿಲ್ಲ. ಮೊಮ್ಮಗನ ವೀಡಿಯೊಗೂ, ಭಜನೆಗೂ ಇರಲಿಲ್ಲ. ಆನೆಯದ್ದಕ್ಕೆ ಇತ್ತು. ಪಕ್ಕದಲ್ಲಿ ಮೆಸೇಜಿನ ಆ್ಯಪ್‌ಗೆ ಇನ್ನೊಂದು ಬೀಗ. ತೆರೆದೇ ಇದ್ದ ಆ ಪುಟದಲ್ಲಿ, ಅವತ್ತಿನ ಮರದ ಸುದ್ದಿಯೊಂದನ್ನು ಬಿಟ್ಟರೆ, ನಾನು ದಿನಾ ಬರೆಯುವ ಎರಡೇ ಪದ, ಕೆಳಗಿನಿಂದ ಮೇಲಿನವರೆಗೂ. ಬಸ್ ಹತ್ತಿದೆ. ಬಸ್ ಹತ್ತಿದೆ. ಬಸ್ ಹತ್ತಿದೆ.

"ಅತ್ತೆ, ಇದಕ್ಕೆ ಯಾವಾಗ ಬೀಗ ಹಾಕಿದ್ರಿ?"

"ನೀನು ಕಲಿಸ್ಕೊಟ್ಟ ದಿನವೇಯ. ನೀನು ಮಲಗಿದ್ ಮೇಲೆ."

"ಇದಕ್ಕೆ ಯಾಕೆ?"

ಅವರು ನಿಲ್ಲಲಿಲ್ಲ. ಟಾರ್ಚಿನ ಬೆಳಕನ್ನು ಮೊದಲಿನಂತೆಯೇ ತಮ್ಮ ಕಾಲಿಗಲ್ಲ, ನನ್ನ ಕಾಲ ಮುಂದಕ್ಕೆ ಬಿಟ್ಟುಕೊಂಡು ನಡೆಯುತ್ತಲೇ ಹೇಳಿದರು.

"ಆನೆ ಬರೋದು ಗೊತ್ತಾದ್ರೆ ಸಾಕಾ? ನೀನು ಬರೋದು ಗೊತ್ತಾಗ್ಬೇಡ್ವಾ?"

ಮನೆ ತಲುಪಿದ ಮೇಲೆ ಫೋನನ್ನು ಅವರ ಚೀಲದೊಳಗೆ ಇಟ್ಟೆ. ಏನನ್ನೂ ಗುಡಿಸಲಿಲ್ಲ.